ಮಕ್ಕಳ ಪಾಠ: ಹೆತ್ತವರ ಮತ್ತು ಊರಿನ ಹೊಣೆ

ಅಲ್ಲಾಹನು ಮನುಷ್ಯನಿಗೆ ಕೊಟ್ಟಿರುವ ಅನುಗ್ರಹಗಳಲ್ಲಿ ಸಂತಾನವೂ ಒಂದು. ಆದರೆ ಅದು ಅನುಗ್ರಹ ಮಾತ್ರವಲ್ಲ, ಅಮಾನತ್ತೂ ಹೌದು. ನಮ್ಮ ಕೈಗೆ ಒಪ್ಪಿಸಲ್ಪಟ್ಟ ಆ ಅಮಾನತ್ತನ್ನು ಹೇಗೆ ಕಾಪಾಡಿದಿರಿ ಎಂದು ನಾಳೆ ಪರಲೋಕದಲ್ಲಿ ನಮ್ಮನ್ನು ಪ್ರಶ್ನಿಸಲಾಗುವುದು. ನಿಮ್ಮಲ್ಲಿ ಪ್ರತಿಯೊಬ್ಬನೂ ಪಾಲಕನು, ಪ್ರತಿಯೊಬ್ಬನೂ ತನ್ನ ಪಾಲನೆಯಲ್ಲಿರುವವರ ಬಗ್ಗೆ ಉತ್ತರಿಸಬೇಕಾದವನು ಎಂಬ ಅರ್ಥದ ಪ್ರವಾದಿವಚನ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ನಿಮ್ಮನ್ನೂ ನಿಮ್ಮ ಮನೆಯವರನ್ನೂ ನರಕಾಗ್ನಿಯಿಂದ ಕಾಪಾಡಿಕೊಳ್ಳಿರೆಂದು ಪವಿತ್ರ ಕುರ್‌ಆನ್ (ಅತ್ತಹ್ರೀಮ್: 6) ಆದೇಶಿಸುತ್ತದೆ. ಈ ಆದೇಶದ ಸಂಬೋಧಿತರು ಸತ್ಯವಿಶ್ವಾಸಿಗಳು, ಅಂದರೆ ನಾವೇ. ಸರಕಾರವೂ ಅಲ್ಲ, ಶಾಲೆಯ ಮೇಷ್ಟ್ರೂ ಅಲ್ಲ.

ಆದರೆ ನಮ್ಮಲ್ಲಿ ಒಂದು ರೂಢಿ ಬೆಳೆದುಬಿಟ್ಟಿದೆ. ಮಗುವಿಗೆ ಆರು ವರ್ಷ ತುಂಬಿದೊಡನೆ ಶಾಲೆಗೆ ಸೇರಿಸುತ್ತೇವೆ, ಪುಸ್ತಕ ಮತ್ತು ಸಮವಸ್ತ್ರ ಕೊಡಿಸುತ್ತೇವೆ, ಬೆಳಿಗ್ಗೆ ಮದ್ರಸಕ್ಕೆ ಕಳುಹಿಸುತ್ತೇವೆ. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ಮಗು ಏನು ಕಲಿಯುತ್ತಿದೆ, ಯಾವ ಭಾಷೆಯಲ್ಲಿ ಕಲಿಯುತ್ತಿದೆ, ಕಲಿತದ್ದು ತನ್ನ ಬದುಕಿಗೆ ಹೊಂದುತ್ತದೆಯೇ ಎಂದು ವಿಚಾರಿಸುವವರು ವಿರಳ. ಪತ್ರಿಕೆಯಲ್ಲಿ ಪಠ್ಯಪುಸ್ತಕದ ವಿವಾದ ಬಂದಾಗ ನಾಲ್ಕು ದಿನ ಮಾತನಾಡಿ ಸುಮ್ಮನಾಗುತ್ತೇವೆ. ಹಾಜರಾತಿ ಪುಸ್ತಕದಲ್ಲಿ ಮಗುವಿನ ಹೆಸರು ಬಂದ ಮಾತ್ರಕ್ಕೆ ಅಮಾನತ್ತಿನ ಹೊಣೆ ಶಾಲೆಗೆ ವರ್ಗವಾಗುವುದಿಲ್ಲ. ಮಕ್ಕಳ ಪಾಠದಲ್ಲಿ ಹೆತ್ತವರಿಗೂ ಊರಿಗೂ ಪಾಲಿದೆ. ಆ ಪಾಲನ್ನು ದೀನ್ ನಮಗೆ ಕರ್ತವ್ಯವಾಗಿ ಕೊಟ್ಟಿದೆ. ಈ ನಾಡಿನ ಕಾನೂನು ಅದನ್ನೇ ಹಕ್ಕಾಗಿ ಕೊಟ್ಟಿದೆ. ಈ ಮಾತನ್ನು ಸಕಲೇಶಪುರ ತಾಲೂಕಿನ ಹೊಂಗಡಹಳ್ಳದಂತಹ ಒಂದು ಮಲೆನಾಡಿನ ಊರನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ.

ಪಠ್ಯಕ್ರಮ ಎಂದರೇನು?

ಪಠ್ಯಕ್ರಮವೆಂದರೆ ಪಠ್ಯಪುಸ್ತಕ ಎಂದೇ ಅನೇಕರು ತಿಳಿದಿದ್ದಾರೆ. ಪುಸ್ತಕ ಅದರ ಒಂದು ಭಾಗ ಮಾತ್ರ. ಏನನ್ನು ಕಲಿಸಬೇಕು, ಯಾವ ಭಾಷೆಯಲ್ಲಿ, ವರ್ಷದ ಯಾವ ದಿನಗಳಲ್ಲಿ, ಯಾವ ಉದಾಹರಣೆಗಳ ಮೂಲಕ, ಯಾರ ಬಾಯಿಂದ ಎಂಬುದೆಲ್ಲ ಸೇರಿ ಪಠ್ಯಕ್ರಮವಾಗುತ್ತದೆ. ಬೆಂಗಳೂರಿನಲ್ಲಿ ಅಚ್ಚಾಗುವ ಪುಸ್ತಕ ಬೀದರಿನ ಮಗುವಿಗೂ ಹೊಂಗಡಹಳ್ಳದ ಮಗುವಿಗೂ ಒಂದೇ. ಆದರೆ ಆ ಪುಸ್ತಕದ ಸುತ್ತ ಇರುವ ಜಾಗ ಒಂದೇ ಅಲ್ಲ, ಅದನ್ನು ಆಯಾ ಊರು ತುಂಬಬೇಕು. ಊರು ತುಂಬದಿದ್ದರೆ ಅದು ಖಾಲಿಯೇ ಉಳಿಯುತ್ತದೆ. ಆಗ ಮಗು ಪುಸ್ತಕವನ್ನು ಬಾಯಿಪಾಠ ಮಾಡುತ್ತದೆ, ಪರೀಕ್ಷೆ ಬರೆಯುತ್ತದೆ, ಮರೆಯುತ್ತದೆ.

ಪ್ರವಾದಿವರ್ಯರ(ಸ) ಶಿಕ್ಷಣ ಕ್ರಮ

ಅವತೀರ್ಣವಾದ ಪ್ರಥಮ ಸೂಕ್ತಗಳಲ್ಲೇ ಓದಿನ ಆಜ್ಞೆಯಿದೆ, ಲೇಖನಿಯ ಪ್ರಸ್ತಾಪವಿದೆ. ಆ ಆಜ್ಞೆಯನ್ನು ಪ್ರವಾದಿ ಮುಹಮ್ಮದ್(ಸ)ರವರು ಒಂದು ಸಮಾಜದಲ್ಲಿ ಹೇಗೆ ಕಾರ್ಯರೂಪಕ್ಕೆ ತಂದರೆಂಬುದನ್ನು ನೋಡಿದರೆ ನಮ್ಮ ಪ್ರಶ್ನೆಗೆ ಬೇಕಾದ ಬೆಳಕು ಸಿಗುತ್ತದೆ.

ಬದ್ರ್ ಯುದ್ಧದ ಸೆರೆಯಾಳುಗಳಲ್ಲಿ ವಿಮೋಚನಾಧನ ಕೊಡಲಾಗದ ಕೆಲವರಿದ್ದರು. ಅವರಿಗೆ ಓದು ಬರಹ ಬರುತ್ತಿತ್ತು. ಅನ್ಸಾರರ ಮಕ್ಕಳಿಗೆ ಬರವಣಿಗೆ ಕಲಿಸುವುದನ್ನೇ ಪ್ರವಾದಿವರ್ಯರು(ಸ) ಅವರ ವಿಮೋಚನೆಗೆ ಬದಲಾಗಿ ನಿಶ್ಚಯಿಸಿದರೆಂದು ಮುಸ್ನದ್ ಅಹ್ಮದ್‌ನಲ್ಲಿ ವರದಿಯಾಗಿದೆ. ಕಲಿಸಿದವರು ಮುಸ್ಲಿಮರಾಗಿರಲಿಲ್ಲ. ಆದರೆ ಮದೀನಾದ ಮಕ್ಕಳಿಗೆ ಏನು ಬೇಕಾಗಿದೆ ಎಂದು ತೀರ್ಮಾನಿಸಿದ್ದು ಮದೀನಾದ ಸಮಾಜವೇ. ವಿದ್ಯೆ ಯಾರಲ್ಲಿದ್ದರೂ ಪಡೆಯಬಹುದು, ಯಾವ ವಿದ್ಯೆ ಬೇಕೆಂದು ಯೋಚಿಸುವ ಹೊಣೆಯನ್ನು ಮಾತ್ರ ಬಿಡಬಾರದು ಎಂಬ ಪಾಠ ಇದರಲ್ಲಿದೆ.

ಪುರುಷರೇ ತಮ್ಮ ಸುತ್ತ ಸದಾ ನೆರೆದಿರುತ್ತಾರೆ, ನಮಗೂ ಒಂದು ದಿನ ಗೊತ್ತುಮಾಡಿರಿ ಎಂದು ಮಹಿಳೆಯರು ಪ್ರವಾದಿವರ್ಯರಲ್ಲಿ(ಸ) ವಿನಂತಿಸಿಕೊಂಡರು. ಅವರು ಹಾಗೆಯೇ ಒಂದು ದಿನವನ್ನು ನಿಗದಿಪಡಿಸಿ ಉಪದೇಶಿಸಿದರೆಂದು ಅಬೂ ಸಈದುಲ್ ಖುದ್ರಿ(ರ) ಹೇಳಿದ್ದಾರೆ (ಬುಖಾರಿ). ಗಮನಿಸಿರಿ, ಕಲಿಯುವವರು ತಮ್ಮ ಅಗತ್ಯವನ್ನು ಬಾಯಿಬಿಟ್ಟು ಕೇಳಿದರು, ಕಲಿಸುವವರು ಅದರಂತೆ ವೇಳೆಯನ್ನು ಹೊಂದಿಸಿದರು. ಕೇಳಿದ್ದು ಅವಿನಯವಾಗಲಿಲ್ಲ.

ಮಾಲಿಕ್ ಬಿನ್ ಹುವೈರಿಸ್(ರ) ಮತ್ತು ಅವರ ಸಮವಯಸ್ಸಿನ ಯುವಕರು ಪ್ರವಾದಿವರ್ಯರ(ಸ) ಬಳಿ ಇಪ್ಪತ್ತು ರಾತ್ರಿ ಕಳೆದರು. ಅವರಿಗೆ ಮನೆಯ ನೆನಪಾಗುತ್ತಿದೆಯೆಂಬುದನ್ನು ಅವರು ತಾವಾಗಿಯೇ ಅರಿತು, ಮನೆಯವರ ಬಳಿಗೆ ಹಿಂತಿರುಗಿರಿ, ಅವರೊಂದಿಗಿರಿ, ಅವರಿಗೆ ಕಲಿಸಿರಿ ಎಂದು ಬೀಳ್ಕೊಟ್ಟರು. ಈ ಘಟನೆಯೂ ಬುಖಾರಿಯಲ್ಲಿದೆ. ಪ್ರತಿಯೊಂದು ಸಮೂಹದಿಂದ ಒಂದು ತಂಡ ಹೊರಟು ದೀನ್‌ನ ತಿಳುವಳಿಕೆ ಪಡೆದು ಮರಳಿ ತನ್ನ ಜನರಿಗೆ ಎಚ್ಚರಿಕೆ ನೀಡಬೇಕೆಂದು ಅತ್ತೌಬಾ ಅಧ್ಯಾಯದ 122ನೇ ಸೂಕ್ತ ಹೇಳುತ್ತದೆ. ಅಂದರೆ ಕಲಿಕೆ ಊರಿನಿಂದ ಹೊರಟು ಊರಿಗೆ ಮರಳಬೇಕು. ಮಗುವನ್ನು ಊರಿಗೆ ಪರಕೀಯನನ್ನಾಗಿ ಮಾಡುವ ಕಲಿಕೆ ಈ ದಾರಿಯದಲ್ಲ.

ಖರ್ಜೂರದ ಮರಗಳ ಪರಾಗಸ್ಪರ್ಶದ ಘಟನೆ ಮುಸ್ಲಿಮ್ ಗ್ರಂಥದಲ್ಲಿದೆ. ಮದೀನಾದ ರೈತರು ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸುತ್ತಿದ್ದರು. ಅದು ಬೇಡವೇನೋ ಎಂದು ಪ್ರವಾದಿವರ್ಯರು(ಸ) ತಮ್ಮ ಅನಿಸಿಕೆ ಹೇಳಿದಾಗ ರೈತರು ಬಿಟ್ಟರು, ಫಸಲು ಕೆಟ್ಟಿತು. ಆಗ ನಿಮ್ಮ ಲೌಕಿಕ ವ್ಯವಹಾರವನ್ನು ನೀವೇ ಚೆನ್ನಾಗಿ ಬಲ್ಲಿರಿ ಎಂಬರ್ಥದ ಮಾತನ್ನು ಅವರು ಹೇಳಿದರು. ಸಕಲ ಲೋಕಕ್ಕೆ ಅನುಗ್ರಹವಾಗಿ ಬಂದವರೇ ತೋಟದವನ ತಿಳುವಳಿಕೆಯನ್ನು ಇಷ್ಟು ಗೌರವಿಸಿರುವಾಗ, ನಮ್ಮ ಊರಿನ ರೈತನ, ಕಾರ್ಮಿಕನ, ಅಜ್ಜಿಯರ ತಿಳುವಳಿಕೆಗೆ ಶಾಲೆಯಲ್ಲಿ ಸ್ಥಾನವಿಲ್ಲವೆಂದು ಹೇಳುವುದು ಹೇಗೆ?

ಸತ್ಯವಿಶ್ವಾಸಿಗಳ ಗುಣಗಳನ್ನು ಎಣಿಸುವಾಗ, ಅವರ ವ್ಯವಹಾರಗಳು ಪರಸ್ಪರ ಸಮಾಲೋಚನೆಯಿಂದ ನಡೆಯುತ್ತವೆಂದು ಕುರ್‌ಆನ್ (ಅಶ್ಶೂರಾ: 38) ತಿಳಿಸುತ್ತದೆ. ಮಸೀದಿಯ ಛಾವಣಿ ದುರಸ್ತಿಗೆ ಸಭೆ ಸೇರುವ ನಾವು, ಮಕ್ಕಳ ಕಲಿಕೆಗಾಗಿ ವರ್ಷಕ್ಕೊಮ್ಮೆಯಾದರೂ ಸಭೆ ಸೇರಿದ್ದೇವೆಯೇ?

ಚರಿತ್ರೆಯಲ್ಲಿ ಊರಿಗೊಂದು ಪಾಠಕ್ರಮ

ಇಬ್ನು ಖಲ್ದೂನ್ (1332-1406) ತಮ್ಮ ಮುಕದ್ದಿಮಾದಲ್ಲಿ ಮಕ್ಕಳ ಶಿಕ್ಷಣ ಒಂದೊಂದು ನಾಡಿನಲ್ಲಿ ಒಂದೊಂದು ರೀತಿಯಲ್ಲಿ ನಡೆಯುತ್ತಿತ್ತೆಂದು ವಿವರಿಸಿದ್ದಾರೆ. ಮಗ್ರಿಬ್‌ನವರು ಕುರ್‌ಆನ್ ಮುಗಿಯುವ ತನಕ ಬೇರೇನನ್ನೂ ಬೆರೆಸುತ್ತಿರಲಿಲ್ಲ. ಅಂದಲುಸಿನವರು, ಅಂದರೆ ಮುಸ್ಲಿಮ್ ಸ್ಪೇಯ್ನಿನವರು, ಕುರ್‌ಆನನ್ನು ಬುನಾದಿಯಾಗಿಟ್ಟುಕೊಂಡು ಕಾವ್ಯ, ವ್ಯಾಕರಣ, ಪತ್ರಲೇಖನ, ಸುಂದರ ಬರವಣಿಗೆಗಳನ್ನೂ ಜೊತೆಗೆ ಕಲಿಸುತ್ತಿದ್ದರು. ಇಫ್ರೀಕಿಯಾದಲ್ಲಿ, ಅಂದರೆ ಈಗಿನ ಟುನೀಶಿಯಾದ ಕಡೆ, ಕುರ್‌ಆನ್ ಜೊತೆಗೆ ಹದೀಸ್ ಮತ್ತು ಶಾಸ್ತ್ರಗಳ ಆರಂಭಿಕ ಪಾಠಗಳಿದ್ದವು. ಪ್ರತಿಯೊಂದು ಕ್ರಮದ ಲಾಭವನ್ನೂ ಕೊರತೆಯನ್ನೂ ಇಬ್ನು ಖಲ್ದೂನ್ ತೂಗಿ ನೋಡಿದ್ದಾರೆ. ಮೊದಲು ಭಾಷೆ, ಆಮೇಲೆ ಲೆಕ್ಕ, ಆಮೇಲೆ ಕುರ್‌ಆನ್ ಎಂದು ಕಾಝಿ ಅಬೂಬಕರ್ ಇಬ್ನುಲ್ ಅರಬಿ ಸೂಚಿಸಿದ್ದ ಕ್ರಮವನ್ನೂ ಚರ್ಚಿಸಿದ್ದಾರೆ. ಮಕ್ಕಳ ಮೇಲೆ ಅತಿಯಾದ ಕಠೋರತೆ ಅವರ ಸ್ವಭಾವವನ್ನೇ ಕೆಡಿಸುತ್ತದೆಂದು ಎಚ್ಚರಿಸಿದ್ದಾರೆ. ಧರ್ಮ ಒಂದೇ, ಗ್ರಂಥ ಒಂದೇ, ಆದರೆ ಪಾಠದ ಕ್ರಮವನ್ನು ಆಯಾ ನಾಡಿನ ಜನರು ರೂಪಿಸಿಕೊಂಡಿದ್ದರು. ಅದರ ಬಗ್ಗೆ ವಿದ್ವಾಂಸರು ಮುಕ್ತವಾಗಿ ಚರ್ಚಿಸುತ್ತಿದ್ದರು.

ನಮ್ಮ ನಾಡಿನಲ್ಲೂ ಹಾಗೆಯೇ ಇತ್ತು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಊರೂರಿನ ಶಾಲೆಗಳ ಲೆಕ್ಕ ಕೇಳಿದ್ದರು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಕಳುಹಿಸಿದ ವರದಿಯಂತೆ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. 235 ಶಾಲೆಗಳಲ್ಲಿ ಕನ್ನಡ, 226ರಲ್ಲಿ ತೆಲುಗು, 23ರಲ್ಲಿ ಮರಾಠಿ, 23ರಲ್ಲಿ ಸಂಸ್ಕೃತ, 21ರಲ್ಲಿ ಫಾರ್ಸಿ, 4ರಲ್ಲಿ ತಮಿಳು, ಒಂದರಲ್ಲಿ ಮಾತ್ರ ಇಂಗ್ಲಿಷ್. ಜನರೇ ಮೇಷ್ಟ್ರನ್ನು ಸಾಕುತ್ತಿದ್ದರು, ತಮಗೆ ಬೇಕಾದ ಭಾಷೆಯನ್ನೂ ಲೆಕ್ಕವನ್ನೂ ಕಲಿಸಿಕೊಳ್ಳುತ್ತಿದ್ದರು.

ಆದರೆ ಆ ಕಾಲವನ್ನು ಸುಮ್ಮನೆ ಹೊಗಳಿ ಮುಗಿಸಲಾಗದು. ಆ ಶಾಲೆಗಳಲ್ಲಿ ಹೆಣ್ಣುಮಕ್ಕಳು ಇಲ್ಲವೆನ್ನುವಷ್ಟು ಕಡಿಮೆ ಇದ್ದರು. ಬಡವರ, ಕೆಳಜಾತಿಗಳವರ ಮಕ್ಕಳಲ್ಲಿ ಬಹುಪಾಲಿಗೆ ಬಾಗಿಲು ತೆರೆದಿರಲಿಲ್ಲ. ಊರಿನ ಕೈಯಲ್ಲಿ ಶಾಲೆಯಿದ್ದರೆ ಊರಿನ ಅನ್ಯಾಯವೂ ಶಾಲೆಯೊಳಗೆ ಬರಬಹುದು. ಈ ಮಾತನ್ನು ಮುಂದೆ ಮತ್ತೆ ನೋಡೋಣ.

ಕಾನೂನು ತೆರೆದಿಟ್ಟ ಬಾಗಿಲುಗಳು

ಶಾಲೆಗಳು ಸರಕಾರದ ಕೈಗೆ ಹೋದ ಮೇಲೆ ಎಲ್ಲ ಮಕ್ಕಳಿಗೂ ಬಾಗಿಲು ತೆರೆಯಿತು. ಆದರೆ ಊರು ಮತ್ತು ಶಾಲೆಯ ನಡುವಿನ ನಂಟು ಸಡಿಲವಾಯಿತು. ಅದನ್ನು ಮತ್ತೆ ಬೆಸೆಯುವ ಪ್ರಯತ್ನಗಳು ಕಳೆದ ಮೂರು ದಶಕಗಳಲ್ಲಿ ನಡೆದಿವೆ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯು ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣವನ್ನು ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಸೇರಿಸಿತು. ಡಾ. ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯ ಹಿನ್ನೆಲೆಯಲ್ಲಿ 2001ರಲ್ಲಿ ಕರ್ನಾಟಕ ಸರಕಾರವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು, ಅಂದರೆ ಎಸ್.ಡಿ.ಎಂ.ಸಿ.ಗಳನ್ನು ರಚಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 21ನೇ ಕಲಮಿನಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಹೆತ್ತವರು ಅಥವಾ ಪೋಷಕರೇ ಆಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಹಿಂದುಳಿದ ಮತ್ತು ದುರ್ಬಲ ವರ್ಗಗಳ ಮಕ್ಕಳ ಹೆತ್ತವರಿಗೆ ಅವರ ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಇರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸಿ ಶಿಫಾರಸು ಮಾಡುವುದು ಈ ಸಮಿತಿಯ ಕೆಲಸ. ಅನುದಾನ ಹೇಗೆ ಖರ್ಚಾಯಿತೆಂದು ನೋಡುವ ಅಧಿಕಾರವೂ ಅದಕ್ಕಿದೆ.

ಅದೇ ಕಾಯ್ದೆಯ 9ನೇ ಕಲಮು ಶಾಲಾ ವರ್ಷದ ವೇಳಾಪಟ್ಟಿ ನಿರ್ಧರಿಸುವುದನ್ನು ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳಲ್ಲಿ ಒಂದಾಗಿ ಹೇಳಿದೆ. ಪಠ್ಯಕ್ರಮವನ್ನು ರೂಪಿಸುವ ಅಧಿಕಾರ 29ನೇ ಕಲಮಿನಂತೆ ರಾಜ್ಯದ ಶೈಕ್ಷಣಿಕ ಪ್ರಾಧಿಕಾರದ್ದು. ಆದರೆ ಅದು ಕೂಡ ಸಂವಿಧಾನದ ಮೌಲ್ಯಗಳಿಗೆ ಅನುಗುಣವಾಗಿರಬೇಕು, ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿರಬೇಕು, ಮಗುವನ್ನು ಭಯದಿಂದ ಮುಕ್ತಗೊಳಿಸಬೇಕು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಹೊರಗಿನ ಬದುಕಿನೊಂದಿಗೆ ಕಲಿಕೆಯನ್ನು ಜೋಡಿಸಬೇಕೆಂಬುದನ್ನೇ ತನ್ನ ಮುಖ್ಯ ತತ್ವಗಳಲ್ಲಿ ಒಂದಾಗಿ ಇಟ್ಟುಕೊಂಡಿತು.

ನಮ್ಮ ಸಮುದಾಯ ತಿಳಿದಿರಲೇಬೇಕಾದ ಇನ್ನೆರಡು ವಿಷಯಗಳಿವೆ. ಸಂವಿಧಾನದ 28ನೇ ವಿಧಿಯಂತೆ ಪೂರ್ತಿ ಸರಕಾರಿ ಹಣದಿಂದ ನಡೆಯುವ ಶಾಲೆಯಲ್ಲಿ ಯಾವ ಧರ್ಮದ ಬೋಧನೆಯನ್ನೂ ಕೊಡುವಂತಿಲ್ಲ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೋ ಆರಾಧನೆಗೋ ಕೂರಿಸುವಂತಿಲ್ಲ. ಇದು ನಮಗೂ ರಕ್ಷಣೆ, ಇತರರಿಗೂ ರಕ್ಷಣೆ. ಎರಡನೆಯದು, 2012ರ ತಿದ್ದುಪಡಿಯಂತೆ ಮದ್ರಸ, ವೇದ ಪಾಠಶಾಲೆ ಮೊದಲಾದ ಧಾರ್ಮಿಕ ಶಿಕ್ಷಣದ ಸಂಸ್ಥೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ಮದ್ರಸದ ಪಾಠಕ್ರಮ ಪೂರ್ತಿ ನಮ್ಮ ಕೈಯಲ್ಲೇ ಇದೆ, ಅದರ ಗುಣದೋಷದ ಹೊಣೆಯೂ ಪೂರ್ತಿ ನಮ್ಮದೇ.

ಕಾನೂನು ಬಾಗಿಲು ತೆರೆದರೆ ಸಾಲದು, ಒಳಗೆ ಹೋಗುವವರು ಬೇಕು. ಹೋದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ತಮ್ಮದೇ ಕಲಿಕಾ ಸಾಮಗ್ರಿಯನ್ನು ತಯಾರಿಸಿದರು. ಅದೇ ‘ನಲಿ ಕಲಿ’. ಕಾಡಂಚಿನ ಒಂದು ತಾಲೂಕಿನ ಮೇಷ್ಟ್ರುಗಳು ತಮ್ಮ ಮಕ್ಕಳ ಸ್ಥಿತಿ ನೋಡಿ ಆರಂಭಿಸಿದ ಈ ಕ್ರಮ 2009-10ರಲ್ಲಿ ಇಡೀ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಆರಂಭಿಕ ತರಗತಿಗಳಿಗೆ ವಿಸ್ತರಿಸಿತು. ನೆರೆಯ ಕೇರಳದಲ್ಲಿ 2022ರಲ್ಲಿ ಪಠ್ಯಕ್ರಮ ಪರಿಷ್ಕರಣೆಗೆ ಮುನ್ನ ಊರೂರಿನ ಶಾಲೆಗಳಲ್ಲಿ ಜನರ ಚರ್ಚೆಗಳನ್ನು ನಡೆಸಲಾಯಿತು, ಮಕ್ಕಳ ಅಭಿಪ್ರಾಯವನ್ನೂ ಕೇಳಲಾಯಿತು.

ಹೊಂಗಡಹಳ್ಳದ ಮಗು ಏನು ಕಲಿಯಬೇಕು?

ಈಗ ಸಕಲೇಶಪುರದ ಬೆಟ್ಟಗಳತ್ತ ಬರೋಣ. ಕಾಫಿ, ಏಲಕ್ಕಿ, ಮೆಣಸಿನ ತೋಟಗಳ ಸೀಮೆಯಿದು. ಒಂದೇ ತರಗತಿಯಲ್ಲಿ ಮನೆಯಲ್ಲಿ ಕನ್ನಡ, ತುಳು, ಬ್ಯಾರಿ, ಮಲಯಾಳ, ಉರ್ದು, ತಮಿಳು ಮಾತನಾಡುವ ಮಕ್ಕಳು ಕೂತಿರಬಹುದು. ಇತ್ತೀಚಿನ ವರ್ಷಗಳಲ್ಲಿ ಅಸ್ಸಾಮಿನಂತಹ ದೂರದ ರಾಜ್ಯಗಳಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೂ ಇರುತ್ತಾರೆ. ಈ ಮಕ್ಕಳ ಕಣ್ಣೆದುರಿಗೇ ಎಷ್ಟು ಪಾಠಗಳಿವೆ ನೋಡಿರಿ.

ಮೊದಲನೆಯದು ನೀರು. ಊರಿನ ಹೆಸರನ್ನೇ ಹೊತ್ತ ಹೊಂಗಡಹಳ್ಳವು ನೇತ್ರಾವತಿ ಜಲಾನಯನಕ್ಕೆ ಸೇರಿದ್ದು. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆಗಳ ಜೊತೆಗೆ ಇದರ ನೀರನ್ನೂ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಬಯಲು ಜಿಲ್ಲೆಗಳಿಗೆ ಒಯ್ಯುವುದು ಎತ್ತಿನಹೊಳೆ ಯೋಜನೆಯ ಉದ್ದೇಶ. ಲೆಕ್ಕ ಹಾಕಿದ ಪ್ರಮಾಣ 24.01 ಟಿ.ಎಂ.ಸಿ. ಅಡಿ. ಅದರ ಮೊದಲ ಹಂತವನ್ನು 2024ರ ಸೆಪ್ಟೆಂಬರ್ 6ರಂದು ಉದ್ಘಾಟಿಸಲಾಯಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. ಈ ಒಂದು ಹಳ್ಳದಲ್ಲಿ ಭೂಗೋಳವಿದೆ, ಗಣಿತವಿದೆ, ವಿಜ್ಞಾನವಿದೆ, ಪೌರನೀತಿಯೂ ಇದೆ. ನೀರು ಕೊಡುವ ಊರಿನ ಆತಂಕವೇನು, ನೀರಿಲ್ಲದ ಊರಿನ ಸಂಕಟವೇನು ಎಂದು ಎರಡೂ ಕಡೆಯಿಂದ ಯೋಚಿಸಲು ಕಲಿತ ಮಗು ನ್ಯಾಯವನ್ನೇ ಕಲಿತಂತೆ. ಇದೇ ಮಗುವಿಗೆ ಮದ್ರಸದಲ್ಲಿ ವುಝೂ ಕಲಿಸುವಾಗ, ಹರಿಯುವ ಹೊಳೆಯ ದಡದಲ್ಲಿದ್ದರೂ ನೀರನ್ನು ದುಂದು ಮಾಡಬಾರದೆಂಬ ಪ್ರಸಿದ್ಧ ಬೋಧನೆಯನ್ನು ಉಸ್ತಾದರು ಹಳ್ಳವನ್ನೇ ತೋರಿಸಿ ಹೇಳಬಹುದಲ್ಲವೇ?

ಎರಡನೆಯದು ಕಾಫಿ. ಆ ಹೆಸರೇ ಅರಬಿಯ ‘ಕಹ್ವಾ’ದಿಂದ ಬಂದದ್ದು. ಹಜ್ಜ್‌ನಿಂದ ಮರಳುವಾಗ ಸೂಫಿ ಬಾಬಾ ಬುಡನ್ ಯೆಮೆನಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂದು ಜನಜನಿತವಾದ ಪ್ರತೀತಿಯಿದೆ. ಮಾರ್ಚ್-ಏಪ್ರಿಲ್‌ನ ಹೂಮಳೆ ಒಂದು ವಾರ ತಪ್ಪಿದರೆ ಫಸಲಿಗೆ ಏನಾಗುತ್ತದೆಂದು ಅಲ್ಲಿನ ಕಾರ್ಮಿಕರಿಗೆ ತಿಳಿದಿದೆ. ಅಂತಹ ಒಬ್ಬರನ್ನು ತರಗತಿಗೆ ಕರೆದು ಒಂದು ಗಂಟೆ ಮಾತನಾಡಿಸಿದರೆ ಪರಾಗಸ್ಪರ್ಶದ ಪಾಠವನ್ನು ಮಕ್ಕಳು ಮರೆಯುವುದಿಲ್ಲ. ಲೈನ್ ಮನೆಯ ಮಗುವಿಗೆ ತನ್ನ ತಂದೆಯೂ ಒಬ್ಬ ಬಲ್ಲವನೆಂಬ ಹೆಮ್ಮೆ ಬರುತ್ತದೆ.

ಮೂರನೆಯದು ಆನೆ. ಸಕಲೇಶಪುರ-ಆಲೂರು ಭಾಗದ ಆನೆ-ಮಾನವ ಸಂಘರ್ಷ ಹೈಕೋರ್ಟಿನ ಮೆಟ್ಟಿಲನ್ನೂ ಏರಿತ್ತು. ಅದರ ಆದೇಶದಂತೆ ರಚಿತವಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಇದೇ ತಾಲೂಕಿನ ಯಸಳೂರು ಬಳಿ ಕಾಡಾನೆಯೊಂದಿಗಿನ ಕಾದಾಟದಲ್ಲಿ ಸತ್ತಿತು. ಬೆಳಗಿನ ಮಂಜಿನಲ್ಲಿ ಶಾಲೆಗೆ ನಡೆದು ಹೋಗುವ ಮಗುವಿಗೆ ಆನೆಯ ನಡೆ, ಅದು ತೋಟಕ್ಕೆ ಇಳಿಯುವ ಕಾಲ, ಎದುರಾದರೆ ಮಾಡಬೇಕಾದುದು ಇವೆಲ್ಲ ಜೀವ ಉಳಿಸುವ ಪಾಠಗಳು. ರಾಜ್ಯದ ಪಠ್ಯಪುಸ್ತಕ ಇದನ್ನು ಹೇಳಲಾರದು. ಅರಣ್ಯ ಇಲಾಖೆಯ ಕಾವಲುಗಾರನನ್ನು ಶಾಲೆಗೆ ಕರೆಸುವ ಕೆಲಸ ಊರಿನವರದ್ದು.

ನಾಲ್ಕನೆಯದು ಚರಿತ್ರೆ. ಸಕಲೇಶಪುರದ ಬಳಿ 1792ರಲ್ಲಿ ಟಿಪ್ಪು ಸುಲ್ತಾನರು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯಿದೆ. ಪುಸ್ತಕದಲ್ಲಿ ಆ ಅಧ್ಯಾಯ ಇರಲಿ ಬಿಡಲಿ, ಕೋಟೆ ಅಲ್ಲೇ ಇದೆ. ಎಂಟು ಮೂಲೆಗಳ ಆಕಾರ ಯಾಕೆ, ಘಟ್ಟದ ದಾರಿಗೆ ಅದು ಹೇಗೆ ಕಾವಲಾಗಿತ್ತು ಎಂದು ಮಕ್ಕಳನ್ನು ಕರೆದೊಯ್ದು ತೋರಿಸಿದರೆ ಸಾಕು. ಇದಕ್ಕೆ ವಾದವಿವಾದ ಬೇಕಿಲ್ಲ.

ಐದನೆಯದು ವೇಳೆ. ಮುಂಗಾರಿನ ಭಾರೀ ಮಳೆಯ ವಾರಗಳು, ಕಾಫಿ ಕೊಯ್ಲಿನ ತಿಂಗಳುಗಳು, ಆನೆ ಊರಿಗೆ ಇಳಿಯುವ ದಿನಗಳು ಬಯಲು ಸೀಮೆಯ ಶಾಲೆಗೆ ಇಲ್ಲ, ಇಲ್ಲಿ ಇವೆ. ಕೊಯ್ಲಿನ ಕಾಲದಲ್ಲಿ ಕಾರ್ಮಿಕರ ಮಕ್ಕಳು ತಮ್ಮ ಪುಟ್ಟ ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದು ಹಿಂದೆ ಬೀಳುತ್ತಾರೆ. ಅವರಿಗಾಗಿ ವಿಶೇಷ ತರಗತಿಯ ಏರ್ಪಾಡು, ಮಳೆಗಾಲದಲ್ಲಿ ವೇಳೆಯ ಹೊಂದಾಣಿಕೆ ಇವೆಲ್ಲ ಸಮಿತಿಯ ಯೋಜನೆಯಲ್ಲಿ ಬರೆಯಬಹುದಾದ ವಿಷಯಗಳು.

ಮನೆಯ ಭಾಷೆ, ಶಾಲೆಯ ಭಾಷೆ

ಭಾಷೆ ಮತ್ತು ಬಣ್ಣಗಳ ವೈವಿಧ್ಯವನ್ನು ಕುರ್‌ಆನ್ (ಅರ್‍ರೂಮ್: 22) ಅಲ್ಲಾಹನ ದೃಷ್ಟಾಂತಗಳಲ್ಲಿ ಎಣಿಸುತ್ತದೆ. ಪ್ರತಿಯೊಬ್ಬ ದೇವದೂತನನ್ನು ಆತನ ಜನಾಂಗದ ಭಾಷೆಯಲ್ಲೇ ಕಳುಹಿಸಲಾಯಿತೆಂದು ಇಬ್ರಾಹೀಮ್ ಅಧ್ಯಾಯದ 4ನೇ ಸೂಕ್ತ ಹೇಳುತ್ತದೆ. ಒಂದನೇ ತರಗತಿಯ ಬ್ಯಾರಿ ಮಗು ಕನ್ನಡ ಬಾರದೆ ಮೌನವಾಗಿ ಕೂತರೆ ಅದು ದಡ್ಡತನವಲ್ಲ. ಆ ಮಗುವಿನ ಭಾಷೆ ಬಲ್ಲ ಒಬ್ಬ ತಾಯಿ ಮೊದಲ ತಿಂಗಳು ದಿನಕ್ಕೆ ಅರ್ಧ ಗಂಟೆ ತರಗತಿಯಲ್ಲಿ ಸಹಾಯ ಮಾಡಿದರೆ ಎಷ್ಟೋ ಸುಧಾರಿಸುತ್ತದೆ. ತುಳುವರು ಪ್ರಯತ್ನಪಟ್ಟು 2010ರಲ್ಲಿ ತಮ್ಮ ಭಾಷೆಯನ್ನು ಶಾಲೆಗಳಲ್ಲಿ ಐಚ್ಛಿಕ ತೃತೀಯ ಭಾಷೆಯಾಗಿ ತಂದರು. ಬ್ಯಾರಿ ಸಾಹಿತ್ಯ ಅಕಾಡೆಮಿಯೂ ಸ್ಥಾಪನೆಯಾಯಿತು. ಜೊತೆಗೆ, ಕನ್ನಡವನ್ನು ಚೆನ್ನಾಗಿ ಕಲಿಯಬೇಕಾದುದು ನಮ್ಮ ಮಕ್ಕಳ ಅಗತ್ಯ. ನೆರೆಯವನಿಗೆ ಸತ್ಯ ತಿಳಿಸುವ ಭಾಷೆ ಅದೇ, ಅರ್ಜಿ ಬರೆಯುವ ಭಾಷೆಯೂ ಅದೇ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯೂ ಕನಿಷ್ಠ ಐದನೇ ತರಗತಿಯ ತನಕ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮವನ್ನು ಶಿಫಾರಸು ಮಾಡಿದೆ.

ಪುಸ್ತಕದ ವಿವಾದ ಬಂದಾಗ

ಕರ್ನಾಟಕದ ಪಠ್ಯಪುಸ್ತಕಗಳು 2017ರಲ್ಲಿ ಬರಗೂರು ರಾಮಚಂದ್ರಪ್ಪ ಸಮಿತಿಯಿಂದ, 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯಿಂದ ಪರಿಷ್ಕೃತವಾದವು. 2023ರಲ್ಲಿ ಸರಕಾರ ಬದಲಾದ ಮೇಲೆ ಕೆಲವು ಪಾಠಗಳನ್ನು ಮತ್ತೆ ಬದಲಿಸಲಾಯಿತು. ಪ್ರತಿ ಬಾರಿಯೂ ರಾಜಧಾನಿಯಲ್ಲಿ ಗದ್ದಲವಾಯಿತು, ಹಳ್ಳಿಯ ಹೆತ್ತವರು ಕೇಳಿಸಿಕೊಂಡರು. ಇಂತಹ ಸಂದರ್ಭದಲ್ಲಿ ವಿಶ್ವಾಸಿಯ ನಡೆ ಹೇಗಿರಬೇಕು?

ಸುದ್ದಿ ಬಂದಾಗ ಪರಿಶೀಲಿಸಿರೆಂದು ಅಲ್ ಹುಜುರಾತ್ ಅಧ್ಯಾಯದ 6ನೇ ಸೂಕ್ತ ಕಲಿಸುತ್ತದೆ. ಆದ್ದರಿಂದ ಮೊದಲು ಪಾಠವನ್ನು ಪೂರ್ತಿ ಓದಬೇಕು. ಮೊಬೈಲಿನಲ್ಲಿ ಬಂದ ಒಂದು ಪುಟದ ಚಿತ್ರ ನೋಡಿ ಕೆರಳಬಾರದು. ಆಕ್ಷೇಪವಿದ್ದರೆ ಯಾವ ತರಗತಿ, ಯಾವ ಪುಟ, ಯಾವ ವಾಕ್ಯ, ತಪ್ಪೇನು, ಸರಿಯೇನು ಎಂದು ಬರೆದು ಮುಖ್ಯೋಪಾಧ್ಯಾಯರ ಮೂಲಕ, ಸಮಿತಿಯ ಮೂಲಕ ಇಲಾಖೆಗೆ ಕಳುಹಿಸಬೇಕು. ಅದೇ ಪಾಠದಲ್ಲಿ ಬೇರೆ ಸಮುದಾಯಕ್ಕೆ ನೋವಾಗುವ ಮಾತಿದ್ದರೆ ಅದನ್ನೂ ನಾವೇ ಎತ್ತಿ ಹೇಳಬೇಕು. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ಅನ್ಯಾಯಕ್ಕೆ ಪ್ರೇರೇಪಿಸದಿರಲೆಂದು ಅಲ್ ಮಾಇದಾ ಅಧ್ಯಾಯದ 8ನೇ ಸೂಕ್ತ ಎಚ್ಚರಿಸಿದೆ. ಪಾಠ ಬದಲಾಗುವವರೆಗೂ ಮನೆಯಲ್ಲಿ ತಂದೆತಾಯಿ ಮಗುವಿಗೆ ಸರಿಯಾದುದನ್ನು ಶಾಂತವಾಗಿ ತಿಳಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಎಚ್ಚರಿಕೆಯ ಮಾತು

ಊರಿಗೆ ಅಧಿಕಾರ ಬಂದರೆ ಎಲ್ಲವೂ ಒಳ್ಳೆಯದಾಗುತ್ತದೆಂದಲ್ಲ. ಊರಿನ ಬಲಾಢ್ಯರು ಸಮಿತಿಯನ್ನು ತಮ್ಮ ಕೈಯಲ್ಲಿಟ್ಟುಕೊಳ್ಳಬಹುದು. ಹೆಣ್ಣುಮಗಳಿಗೆ ಏಳನೇ ತರಗತಿ ಸಾಕೆಂದು ಊರೇ ಹೇಳಬಹುದು. ಮೂಢನಂಬಿಕೆಯನ್ನು ಸಂಪ್ರದಾಯವೆಂದು ಶಾಲೆಗೆ ತರಬಹುದು. ಬಳ್ಳಾರಿಯ ಹಳೆಯ ಶಾಲೆಗಳ ಕೊರತೆಯನ್ನು ಮೇಲೆ ನೋಡಿದ್ದೇವೆ. ಆದುದರಿಂದ ಸಮಾಲೋಚನೆಗೆ ನ್ಯಾಯದ ತೂಕ ಬೇಕು. ಶಿಫಾ ಬಿಂತ್ ಅಬ್ದುಲ್ಲಾ(ರ) ಎಂಬ ಸಹಾಬಿ ಮಹಿಳೆ ಪ್ರವಾದಿಪತ್ನಿ ಹಫ್ಸಾ(ರ)ರಿಗೆ ಬರವಣಿಗೆ ಕಲಿಸಿದ್ದರೆಂಬುದು ಅಬೂ ದಾವೂದ್‌ನಲ್ಲಿದೆ. ಆ ಪರಂಪರೆಯವರು ಹೆಣ್ಣುಮಕ್ಕಳ ಓದಿಗೆ ಅಡ್ಡ ಬರಲಾಗದು.

ಊರಿನ ಪಾಠ ಲೋಕದ ಪಾಠಕ್ಕೆ ಬದಲಲ್ಲ. ಹಳ್ಳವನ್ನು ಬಲ್ಲ ಮಗು ಸಮುದ್ರವನ್ನೂ ತಿಳಿಯಬೇಕು. ಹಾಗೆಯೇ ಸಮಿತಿಗೆ ಹೋಗುವುದು ನಮ್ಮ ಮಕ್ಕಳಿಗೆ ಮಾತ್ರ ಏನಾದರೂ ದೊರಕಿಸಲಿಕ್ಕಲ್ಲ. ಪ್ರವಾದಿತ್ವಕ್ಕೆ ಮುಂಚೆ ಮಕ್ಕಾದಲ್ಲಿ ದಬ್ಬಾಳಿಕೆಗೊಳಗಾದವರ ಪರ ನಿಲ್ಲಲು ನಡೆದ ‘ಹಿಲ್ಫುಲ್ ಫುಝೂಲ್’ ಒಪ್ಪಂದದಲ್ಲಿ ಪ್ರವಾದಿವರ್ಯರು(ಸ) ಪಾಲ್ಗೊಂಡಿದ್ದರು, ಇಂದೂ ಅದಕ್ಕೆ ಕರೆದರೆ ಹೋಗುವೆನೆಂಬ ಅರ್ಥದಲ್ಲಿ ನಂತರವೂ ಅದನ್ನು ಮೆಚ್ಚಿಕೊಂಡಿದ್ದರು. ತಮಿಳು ಕಾರ್ಮಿಕನ ಮಗಳ ಕಲಿಕೆಗಾಗಿ, ದಲಿತ ಕೇರಿಯ ಹುಡುಗನ ಹಾಜರಾತಿಗಾಗಿ ಮುಸ್ಲಿಮ್ ಪೋಷಕ ಸಭೆಯಲ್ಲಿ ಎದ್ದು ಮಾತನಾಡಿದರೆ ಅದೇ ದೀನ್‌ನ ಸಾಕ್ಷ್ಯ.

ನಾವು ಮಾಡಬಹುದಾದ ಕೆಲಸಗಳು

1. ಶಾಲೆಯ ಪೋಷಕರ ಸಭೆಗೆ ತಂದೆತಾಯಿ ಇಬ್ಬರೂ ಹೋಗಬೇಕು. ಒಂದು ದಿನದ ಕೂಲಿ ತಪ್ಪುವವರಿಗಾಗಿ ಸಂಜೆಯ ವೇಳೆಯಲ್ಲಿ ಸಭೆ ಇಡಲು ಕೇಳಿಕೊಳ್ಳಬೇಕು.

2. ಅರ್ಹ ಮಹಿಳೆಯರು ಸಮಿತಿಯ ಚುನಾವಣೆಗೆ ನಿಲ್ಲುವಂತೆ ಮನೆಯವರೇ ಪ್ರೋತ್ಸಾಹಿಸಬೇಕು. ಸಹಿ ಹಾಕಲಿಕ್ಕೆ ಮಾತ್ರ ಹೆಸರು ಕೊಡಬಾರದು.

3. ತಿಂಗಳಿಗೊಂದು ಶನಿವಾರ ಊರಿನ ಒಬ್ಬ ಬಲ್ಲವರು ಶಾಲೆಯಲ್ಲಿ ಮಾತನಾಡುವ ಏರ್ಪಾಡನ್ನು ಮುಖ್ಯೋಪಾಧ್ಯಾಯರೊಂದಿಗೆ ಮಾಡಿಕೊಳ್ಳಬೇಕು. ಬಡಗಿ, ಜೇನು ಕೀಳುವವರು, ಸೂಲಗಿತ್ತಿ, ತೋಟದ ರೈಟರು, ಎಲ್ಲರೂ ಇದಕ್ಕೆ ಯೋಗ್ಯರೇ.

4. ಜಮಾಅತ್ ಸಮಿತಿ ಮತ್ತು ಉಸ್ತಾದರು ವರ್ಷಾರಂಭದಲ್ಲಿ ಶಾಲೆಯ ಶಿಕ್ಷಕರನ್ನು ಭೇಟಿಯಾಗಿ ಮದ್ರಸ ಮತ್ತು ಶಾಲೆಯ ವೇಳೆಯನ್ನು ಹೊಂದಿಸಿಕೊಳ್ಳಬೇಕು. ನಿದ್ದೆಗೆಟ್ಟ ಮಗು ಎರಡೂ ಕಡೆ ಏನನ್ನೂ ಕಲಿಯದು. ಮುಆದ್(ರ) ಮತ್ತು ಅಬೂ ಮೂಸಾ(ರ)ರನ್ನು ಯೆಮೆನಿಗೆ ಕಳುಹಿಸುವಾಗ ಪ್ರವಾದಿವರ್ಯರು(ಸ) ಸುಲಭಗೊಳಿಸಲು, ಕಷ್ಟಗೊಳಿಸದಿರಲು, ಪರಸ್ಪರ ಹೊಂದಿಕೊಂಡು ಹೋಗಲು ಆದೇಶಿಸಿದ್ದರು.

5. ಶಾಲೆಯಲ್ಲಿ ಏನು ಬೇಕೆಂದು ನಾವು ಕೇಳುತ್ತೇವೋ ಅದನ್ನೇ ಮದ್ರಸದಲ್ಲೂ ಕೇಳಬೇಕು: ಹೊಡೆತವಿಲ್ಲದ ಬೋಧನೆ, ಅರ್ಥವಾಗುವ ಭಾಷೆ, ಹೆತ್ತವರ ಮಾತಿಗೆ ಬೆಲೆ.

6. ವರ್ಷಕ್ಕೊಮ್ಮೆ ನಡೆಯಬೇಕಾದ ಮಕ್ಕಳ ಗ್ರಾಮಸಭೆಗೆ ಮಕ್ಕಳನ್ನು ಸಿದ್ಧಪಡಿಸಿ ಕಳುಹಿಸಬೇಕು. ತಮ್ಮ ಶಾಲೆಗೆ ಏನು ಬೇಕೆಂದು ಅವರೇ ಹೇಳಲಿ.

ಮಕ್ಕಳ ಸಂಖ್ಯೆ ಕಡಿಮೆಯಾಗಿ ಮಲೆನಾಡಿನ ಸಣ್ಣ ಸರಕಾರಿ ಶಾಲೆಗಳು ಕಷ್ಟದಲ್ಲಿವೆ. ಅನುಕೂಲವಿದ್ದವರು ಮಕ್ಕಳನ್ನು ಪಟ್ಟಣದ ಶಾಲೆಗೆ ಕಳುಹಿಸುತ್ತಾರೆ. ಉಳಿದವರ ಮಕ್ಕಳು ಉಳಿದ ಶಾಲೆಯಲ್ಲಿ ಉಳಿಯುತ್ತಾರೆ. ಆ ಶಾಲೆ ಮುಚ್ಚಿದರೆ ಮೊದಲು ಓದು ಬಿಡುವವಳು ಬಡವನ ಮಗಳು. ಮಗ್ಗುಲಿನ ಶಾಲೆಯನ್ನು ಊರೆಲ್ಲ ಸೇರಿ ಉಳಿಸಿ ಚೆನ್ನಾಗಿ ನಡೆಸುವುದು ನೆರೆಯವರ ಹಕ್ಕು ನೆರವೇರಿಸುವ ಕೆಲಸವೇ ಆಗಿದೆ.

ಮನೆಯಲ್ಲಿ, ಅಧ್ಯಯನ ಕೂಟದಲ್ಲಿ ಚರ್ಚಿಸಿರಿ

1. ನಮ್ಮ ಊರಿನ ಶಾಲಾ ಸಮಿತಿಯ ಸದಸ್ಯರು ಯಾರು? ಅದರ ಕಳೆದ ಸಭೆ ಯಾವಾಗ ನಡೆಯಿತು?

2. ಖರ್ಜೂರದ ಮರಗಳ ಘಟನೆಯಿಂದ ಊರಿನ ತಿಳುವಳಿಕೆಯ ಬಗ್ಗೆ ನಾವು ಏನು ಕಲಿಯುತ್ತೇವೆ?

3. ನಮ್ಮ ಊರಿನಲ್ಲಿ ಮಕ್ಕಳು ಕಲಿಯಲೇಬೇಕಾದ, ಆದರೆ ಪುಸ್ತಕದಲ್ಲಿ ಇಲ್ಲದ ಮೂರು ವಿಷಯಗಳು ಯಾವುವು? ಅವನ್ನು ಕಲಿಸಬಲ್ಲವರು ಯಾರು?

4. ಶಾಲೆ ಬಿಟ್ಟ ಮಕ್ಕಳು ನಮ್ಮ ಸುತ್ತ ಇದ್ದಾರೆಯೇ? ಅವರ ಬಗ್ಗೆ ನಾಳೆ ಯಾರು ಉತ್ತರಿಸಬೇಕು?

ಅಲ್ಲಾಹನು ನಮಗೆ ಉಪಯುಕ್ತ ಜ್ಞಾನವನ್ನು ಹೆಚ್ಚಿಸಲಿ. ನಮ್ಮ ಮಕ್ಕಳನ್ನು ನಮ್ಮ ಕಣ್ಣಿಗೆ ತಂಪಾಗಿ, ಊರಿಗೆ ಒಳಿತಾಗಿ ಬೆಳೆಸುವ ಶಕ್ತಿ ಕೊಡಲಿ. ನಮ್ಮ ಕೈಗೆ ಒಪ್ಪಿಸಿದ ಅಮಾನತ್ತನ್ನು ಕಾಪಾಡಿದವರ ಸಾಲಿನಲ್ಲಿ ನಮ್ಮನ್ನು ಸೇರಿಸಲಿ. ಆಮೀನ್.